ಆಟದಿಂದ ಚಿತ್ರಕ್ಕೆ: ‘ಸೈಲೆಂಟ್ ಹಿಲ್’ ಮತ್ತು ಭಯಾನಕ ರಸ

೧

ಒಂದು ಕಲಾಪ್ರಕಾರದಲ್ಲಿ ಹುಟ್ಟಿದ ವಸ್ತು ಮತ್ತೊಂದಕ್ಕೆ ಸಾಗುವಾಗ ಏನನ್ನು ಕಳೆದುಕೊಳ್ಳುತ್ತದೆ, ಏನನ್ನು ಪಡೆಯುತ್ತದೆ ಎಂಬ ಪ್ರಶ್ನೆ ಕನ್ನಡ ವಿಮರ್ಶೆಗೆ ಹೊಸದಲ್ಲ. ಬಿ. ಎಂ. ಶ್ರೀಕಂಠಯ್ಯನವರು ಸೋಫೋಕ್ಲಿಸನ ‘ಏಜಾಕ್ಸ್’ ನಾಟಕವನ್ನು ೧೯೨೯ರಲ್ಲಿ ‘ಅಶ್ವತ್ಥಾಮನ್’ ಆಗಿ ಕನ್ನಡಕ್ಕೆ ತಂದಾಗ ವೀರನ ಹೆಸರು, ನಾಡು, ಕಥೆಯ ಹೊರರೂಪ ಎಲ್ಲವೂ ಬದಲಾದುವು. ಮಾನಭಂಗದಿಂದ ಬುದ್ಧಿಗೆಟ್ಟ ವೀರನು ತನ್ನನ್ನೇ ನಾಶಮಾಡಿಕೊಳ್ಳುವ ದುರಂತದ ತಿರುಳು ಮಾತ್ರ ಉಳಿದು ಬಂದಿತು. ಒಡಲನ್ನು ಬಿಟ್ಟು ಉಸಿರನ್ನು ತಂದ ರೂಪಾಂತರವದು. ಇದಕ್ಕೆ ತೀರ ವಿರುದ್ಧವಾದ ಮಾರ್ಗವೂ ಒಂದುಂಟು: ಒಡಲನ್ನು ಕೂದಲೆಳೆಯಷ್ಟೂ ತಪ್ಪದಂತೆ ಹೊತ್ತು ತರುವುದು, ಉಸಿರು ತಾನಾಗಿ ಹಿಂಬಾಲಿಸೀತೆಂದು ನಂಬುವುದು. ೨೦೦೬ರಲ್ಲಿ ಫ್ರೆಂಚ್ ನಿರ್ದೇಶಕ ಕ್ರಿಸ್ತೋಫ್ ಗಾನ್ಸ್ ಅವರು ತೆರೆಗೆ ತಂದ ‘ಸೈಲೆಂಟ್ ಹಿಲ್’ ಎಂಬ ಭಯಾನಕ ಚಿತ್ರವು ಈ ಎರಡನೆಯ ಮಾರ್ಗದ ಸಾಧನೆಗೂ ಸೋಲಿಗೂ ಒಳ್ಳೆಯ ನಿದರ್ಶನವಾಗಿದೆ.

ಈ ಚಿತ್ರದ ಮೂಲವು ಕಾದಂಬರಿಯಲ್ಲ, ನಾಟಕವಲ್ಲ. ಜಪಾನಿನ ಕೊನಾಮಿ ಸಂಸ್ಥೆಯು ೧೯೯೯ರಲ್ಲಿ ಹೊರತಂದ ಒಂದು ವಿಡಿಯೋ ಆಟ. ಆಟವೆಂದೊಡನೆ ಮಕ್ಕಳ ಕಾಲಹರಣವೆಂದು ವಿದ್ವಾಂಸರು ಮುಖ ತಿರುಗಿಸುವುದುಂಟು. ಒಂದು ಕಾಲಕ್ಕೆ ಕಾದಂಬರಿಗೂ, ಆಮೇಲೆ ಚಲಚ್ಚಿತ್ರಕ್ಕೂ ಇದೇ ಮರ್ಯಾದೆ ಸಂದಿತ್ತೆಂಬುದನ್ನು ಮರೆಯಲಾಗದು. ಹೊರನಾಡಿನ ಕನ್ನಡ ಮನೆಗಳಲ್ಲಿ ಬೆಳೆಯುತ್ತಿರುವ ಮಕ್ಕಳು ಭಯ, ಕರುಣೆ, ಅಪರಾಧಪ್ರಜ್ಞೆ ಮೊದಲಾದ ಭಾವಗಳನ್ನು ಕಲೆಯಾಗಿ ಮೊದಲು ಎದುರುಗೊಳ್ಳುವುದು ಅನೇಕ ವೇಳೆ ಇಂಥ ಆಟಗಳಲ್ಲಿಯೇ. ಆ ಅನುಭವವನ್ನು ಕುರಿತು ಕನ್ನಡದಲ್ಲಿ ಯಾರೂ ಮಾತನಾಡದಿದ್ದರೆ, ಅವರ ರಸಜೀವನದ ಒಂದು ದೊಡ್ಡ ಪಾಲು ಕನ್ನಡದ ಹೊರಗೇ ಉಳಿದುಹೋಗುತ್ತದೆ. ಆದುದರಿಂದ ಈ ವಸ್ತುವನ್ನು ಗಂಭೀರವಾಗಿ ಪರಿಶೀಲಿಸುವುದು ಅಗತ್ಯ.

೨

ಮೂಲದ ಸ್ವರೂಪವನ್ನು ಮೊದಲು ತಿಳಿಯಬೇಕು. ಹ್ಯಾರಿ ಮೇಸನ್ ಎಂಬ ಸಾಮಾನ್ಯ ಗೃಹಸ್ಥನು ಮಗಳು ಶೆರಿಲಳೊಡನೆ ಸೈಲೆಂಟ್ ಹಿಲ್ ಎಂಬ ಅಮೆರಿಕದ ಚಿಕ್ಕ ಪಟ್ಟಣಕ್ಕೆ ಬರುತ್ತಾನೆ; ದಾರಿಯಲ್ಲಿ ಕಾರು ಅಪಘಾತಕ್ಕೀಡಾಗಿ, ಎಚ್ಚೆತ್ತಾಗ ಮಗಳು ಕಾಣೆಯಾಗಿದ್ದಾಳೆ. ಊರನ್ನೆಲ್ಲ ಮಂಜು ಮುಸುಕಿದೆ. ಕಾಲವಲ್ಲದ ಕಾಲದಲ್ಲಿ ಹಿಮ ಬೀಳುತ್ತಿದೆ. ಜನರ ಸುಳಿವಿಲ್ಲ. ಮಗಳನ್ನು ಅರಸುತ್ತ ಹೋದಂತೆ ಊರು ಆಗಾಗ ತನ್ನ ಚರ್ಮವನ್ನು ಕಳಚಿ, ತುಕ್ಕು ಮತ್ತು ರಕ್ತ ಮೆತ್ತಿದ ಇನ್ನೊಂದು ಲೋಕವಾಗಿ ಮಾರ್ಪಡುತ್ತದೆ. ಈ ವಿಕಾರಕ್ಕೆ ಮೂಲವು ಅಲೆಸಾ ಎಂಬ ಬಾಲಿಕೆಯ ಯಾತನೆ. ತನ್ನ ಪಂಥದ ದೇವತೆಯನ್ನು ಭೂಮಿಗಿಳಿಸಬೇಕೆಂಬ ಹುಚ್ಚಿನಲ್ಲಿ ಹೆತ್ತ ತಾಯಿ ಡಾಲಿಯಾಳೇ ಅವಳನ್ನು ಬೆಂಕಿಗೊಡ್ಡಿದ್ದಾಳೆ. ಇಬ್ಭಾಗವಾದ ಅವಳ ಆತ್ಮದ ಇನ್ನೊಂದು ಪಾಲೇ ಹ್ಯಾರಿಯ ಸಾಕುಮಗಳು ಶೆರಿಲ್.

ಈ ಊರಿನ ಹುಟ್ಟೂ ಕುತೂಹಲಕರವಾಗಿದೆ. ಜಪಾನಿನಲ್ಲಿ ಕುಳಿತು ಕೈಇಚಿರೋ ತೊಯಾಮ ಮತ್ತು ಸಂಗಡಿಗರು ಅಮೆರಿಕವನ್ನು ಅಲ್ಲಿನ ಪುಸ್ತಕಗಳಿಂದಲೂ ಚಿತ್ರಗಳಿಂದಲೂ ಕಟ್ಟಿದರು. ಊರಿನ ಬೀದಿಗಳಿಗೆ ಬ್ರಾಡ್‌ಬರಿ, ಮ್ಯಾಥಿಸನ್, ಬ್ಲಾಕ್ ಮೊದಲಾದ ಅದ್ಭುತ-ಭಯಾನಕ ಕಥೆಗಾರರ ಹೆಸರುಗಳನ್ನೇ ಇಟ್ಟರು. ಅಂದರೆ ಇದು ಭೂಪಟದ ಊರಲ್ಲ, ಓದಿನ ಊರು. ಆ ಊರನ್ನು ಮುಸುಕಿದ ಮಂಜಾದರೋ ಒಂದು ಬಡತನದ ಫಲ. ಅಂದಿನ ಪ್ಲೇಸ್ಟೇಷನ್ ಯಂತ್ರಕ್ಕೆ ಇಡೀ ಬೀದಿಯನ್ನು ದೂರದವರೆಗೆ ಒಮ್ಮೆಗೇ ಚಿತ್ರಿಸುವ ಶಕ್ತಿಯಿರಲಿಲ್ಲ. ಕಾಣಿಸಲಾಗದುದನ್ನು ಮಂಜು ಮತ್ತು ಕತ್ತಲೆಗಳಿಂದ ಮರೆಮಾಡಿದರು. ಆದರೆ ಕೊರತೆಯನ್ನು ಮುಚ್ಚಲು ಬಂದ ಮುಸುಕೇ ಕೃತಿಯ ಜೀವಾಳವಾಯಿತು. ಹತ್ತು ಮಾರಿನಾಚೆ ಏನಿದೆಯೆಂಬುದು ಕಾಣದು. ಜೇಬಿನ ರೇಡಿಯೋ ಗರಗರಗುಟ್ಟಿದರೆ ಯಾವುದೋ ಜೀವಿ ಹತ್ತಿರ ಬಂದಿದೆಯೆಂದು ಅರ್ಥ. ಯಾವ ದಿಕ್ಕಿನಿಂದ ಎಂಬುದು ತಿಳಿಯದು. ೨೦೧೨ರಲ್ಲಿ ಈ ಸರಣಿಯ ಎರಡು ಹಳೆಯ ಆಟಗಳನ್ನು ಹೊಸ ಯಂತ್ರಗಳಿಗೆ ಹೊಂದಿಸಿ ಹೊರತಂದಾಗ ಎರಡನೆಯ ಆಟದ ಮಂಜು ತೆಳುವಾಗಿ, ಊರಿನ ಮುಗಿಯದ ಅಂಚುಗಳು ಬಯಲಾದುವು. ಆಡಿದವರು ಅಸಮಾಧಾನ ಸೂಚಿಸಿದುದು ಸಹಜವೇ. ಹೆಚ್ಚು ಕಂಡಷ್ಟೂ ಭಯ ಕಡಮೆಯಾಯಿತು.

೩

ಇಲ್ಲಿ ಭಾರತೀಯ ಕಾವ್ಯಮೀಮಾಂಸೆಯ ಒಂದು ಹಳೆಯ ನಿದರ್ಶನವು ನೆರವಿಗೆ ಬರುತ್ತದೆ. ಭಯಾನಕ ರಸವನ್ನು ವಿವರಿಸುವಾಗ ಅಭಿನವಗುಪ್ತನು ಶಾಕುಂತಲದ ಮೊದಲ ಅಂಕದಲ್ಲಿ ದುಷ್ಯಂತನ ರಥದ ಮುಂದೆ ಓಡುವ ಜಿಂಕೆಯ ವರ್ಣನೆಯನ್ನು ಎತ್ತಿಕೊಳ್ಳುತ್ತಾನೆ. ಸಹೃದಯನಿಗೆ ಅಲ್ಲಿ ‘ನಾನು ಹೆದರಿದ್ದೇನೆ’ ಎಂಬ ಭಾವವೂ ಇಲ್ಲ, ‘ಆ ಜಿಂಕೆ ಹೆದರಿದೆ’ ಎಂಬ ತಟಸ್ಥ ಭಾವವೂ ಇಲ್ಲ. ದೇಶಕಾಲಗಳ ಕಟ್ಟಿನಿಂದ ಬಿಡಿಸಿಕೊಂಡ ಭಯವೇ ಕಣ್ಮುಂದೆ ನಿಂತು ಆಸ್ವಾದ್ಯವಾಗುತ್ತದೆ. ಇದೇ ಸಾಧಾರಣೀಕರಣ. ನಾಟಕಕ್ಕೂ ಕಾವ್ಯಕ್ಕೂ ಚಲಚ್ಚಿತ್ರಕ್ಕೂ ಈ ಮಾತು ಒಪ್ಪುತ್ತದೆ. ಆದರೆ ವಿಡಿಯೋ ಆಟದಲ್ಲಿ ಸ್ಥಿತಿ ಬೇರೆ. ಆಟಗಾರನು ಜಿಂಕೆಯನ್ನು ನೋಡುವವನಲ್ಲ. ಅವನೇ ಓಡಬೇಕಾದ ಜಿಂಕೆ. ಬಾಗಿಲನ್ನು ತೆರೆಯುವ ಗುಂಡಿಯನ್ನು ಅವನ ಬೆರಳೇ ಒತ್ತಬೇಕು. ತೆರೆಯದಿರುವ ಸ್ವಾತಂತ್ರ್ಯವೂ ಅವನಿಗುಂಟು. ಆದುದರಿಂದ ತೆರೆದ ಹೊಣೆಯೂ ಅವನದೇ.

೨೦೦೧ರ ‘ಸೈಲೆಂಟ್ ಹಿಲ್ ೨’ರಲ್ಲಿ ಈ ಹೊಣೆಯೇ ಕಥೆಯ ತಿರುಳಾಗಿದೆ. ಸತ್ತ ಹೆಂಡತಿಯಿಂದ ಬಂದ ಪತ್ರವನ್ನು ಹಿಡಿದು ಊರಿಗೆ ಬರುವ ಜೇಮ್ಸ್ ಸಂಡರ್ಲೆಂಡನು, ಕೊನೆಗೆ ಅವಳನ್ನು ಕೊಂದವನು ತಾನೇ ಎಂದು ತಿಳಿಯುತ್ತಾನೆ. ಕಥೆಗೆ ಅನೇಕ ಅಂತ್ಯಗಳಿವೆ. ಗಾಯಗೊಂಡ ದೇಹವನ್ನು ಗುಣಪಡಿಸಿಕೊಳ್ಳದೆ ಅಲೆದವನಿಗೆ, ಆತ್ಮಹತ್ಯೆಯನ್ನು ಬಯಸಿದ ಹೆಣ್ಣೊಬ್ಬಳ ಚೂರಿಯನ್ನು ಮತ್ತೆ ಮತ್ತೆ ತೆಗೆದು ನೋಡಿದವನಿಗೆ ಒಂದು ಅಂತ್ಯ. ಬಾಳುವ ಬಯಕೆಯನ್ನು ತೋರಿದವನಿಗೆ ಮತ್ತೊಂದು. ಆಟಗಾರನು ಅರಿಯದೆ ಮಾಡಿದ ಸಣ್ಣ ಕ್ರಿಯೆಗಳೇ ಸಾಕ್ಷ್ಯವಾಗಿ, ಅವುಗಳ ಮೇಲೆ ತೀರ್ಪು ಬೀಳುತ್ತದೆ. ಪುಸ್ತಕವಾಗಲಿ ಚಿತ್ರವಾಗಲಿ ಹೀಗೆ ಓದುಗನನ್ನು ಕಟಕಟೆಯಲ್ಲಿ ನಿಲ್ಲಿಸಲಾರವು. ಆದುದರಿಂದ ಆಟವನ್ನು ಚಿತ್ರವಾಗಿಸಹೊರಟವನು ಎದುರಿಸಬೇಕಾದ ನಿಜವಾದ ತೊಡಕು ಇದು: ಕರ್ತೃವಾಗಿದ್ದವನು ಪ್ರೇಕ್ಷಕನಾಗಿ ಕುಳಿತ ಮೇಲೆ ಅವನ ಭಯವನ್ನು ಯಾವುದರಿಂದ ಪೋಷಿಸಬೇಕು?

೪

ಗಾನ್ಸ್ ಅವರಿಗಿಂತ ಮುಂಚೆ ಈ ಪ್ರಶ್ನೆಯನ್ನು ಕೇಳಿಕೊಂಡವರೇ ವಿರಳ. ೧೯೯೩ರ ‘ಸೂಪರ್ ಮಾರಿಯೋ ಬ್ರದರ್ಸ್’ ಚಿತ್ರದಿಂದ ಮೊದಲಾಗಿ ಆಟಗಳ ಚಿತ್ರರೂಪಗಳು ಬಹುಮಟ್ಟಿಗೆ ಹೆಸರನ್ನು ಮಾತ್ರ ಎರವಲು ಪಡೆದ ವ್ಯಾಪಾರಗಳಾಗಿದ್ದುವು. ಗಾನ್ಸ್ ಅವರ ಮಾತು ಬೇರೆ. ಅವರು ಆಟವನ್ನು ಮೆಚ್ಚಿ ಆಡಿದವರು. ಹಕ್ಕುಗಳಿಗಾಗಿ ವರ್ಷಗಟ್ಟಲೆ ಕಾದು, ತಮ್ಮ ಅಭಿಪ್ರಾಯವನ್ನು ತಾವೇ ಚಿತ್ರೀಕರಿಸಿ ಕೊನಾಮಿಯವರಿಗೆ ಕಳುಹಿಸಿ, ಅವರ ಒಪ್ಪಿಗೆ ಪಡೆದವರು. ಈ ಶ್ರದ್ಧೆಯ ಫಲವು ಚಿತ್ರದ ಮೊದಲ ಭಾಗದಲ್ಲಿ ಸ್ಪಷ್ಟವಾಗಿದೆ.

ಚಿತ್ರದಲ್ಲಿ ತಂದೆಯ ಸ್ಥಾನಕ್ಕೆ ತಾಯಿ ಬಂದಿದ್ದಾಳೆ. ನಿದ್ರೆಯಲ್ಲಿ ನಡೆಯುತ್ತ ‘ಸೈಲೆಂಟ್ ಹಿಲ್’ ಎಂದು ಕನವರಿಸುವ ಸಾಕುಮಗಳು ಶ್ಯಾರನ್‌ಳನ್ನು ಗುಣಪಡಿಸಲು ರೋಸ್ ಎಂಬಾಕೆ (ರಾಡಾ ಮಿಚೆಲ್) ಆ ಊರನ್ನೇ ಹುಡುಕಿಕೊಂಡು ಹೊರಡುತ್ತಾಳೆ. ಹ್ಯಾರಿಯ ವರ್ತನೆಯಲ್ಲಿ ತಾಯ್ತನದ ಛಾಯೆಯಿದೆಯೆಂದು ಭಾವಿಸಿ ನಿರ್ದೇಶಕರು ಈ ಬದಲಾವಣೆ ಮಾಡಿದರು. ಇದು ಸಾರ್ಥಕವಾದ ಬದಲಾವಣೆ. ಹೆತ್ತು ಕಾಪಾಡದ ತಾಯಿ, ಹೆರದೆ ಕಾಪಾಡುವ ತಾಯಿ—ಈ ಇಬ್ಬರನ್ನು ಎದುರುಬದುರಾಗಿ ನಿಲ್ಲಿಸಿ ಚಿತ್ರವು ತನ್ನದೇ ಆದ ಒಂದು ವಸ್ತುವನ್ನು ಗಳಿಸುತ್ತದೆ.

ಮತ್ತೊಂದು ಬದಲಾವಣೆ ಇನ್ನೂ ಅರ್ಥಪೂರ್ಣ. ಆಟದಲ್ಲಿ ಬೀಳುತ್ತಿದ್ದುದು ಹಿಮ. ಚಿತ್ರದಲ್ಲಿ ಬೀಳುವುದು ಬೂದಿ. ಚಿತ್ರಕಥೆಯನ್ನು ಬರೆದ ರೋಜರ್ ಆವರಿ ಅವರು ಪೆನ್ಸಿಲ್ವೇನಿಯದ ಸೆಂಟ್ರೇಲಿಯಾ ಎಂಬ ಊರನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದರು. ಅಲ್ಲಿ ೧೯೬೨ರಲ್ಲಿ ಕಲ್ಲಿದ್ದಲ ಪದರಕ್ಕೆ ಹತ್ತಿದ ಬೆಂಕಿ ನೆಲದಡಿಯಲ್ಲಿ ಇಂದಿಗೂ ಉರಿಯುತ್ತಿದೆ. ೧೯೮೦ರಲ್ಲಿ ಸಾವಿರಕ್ಕೆ ಸ್ವಲ್ಪ ಹೆಚ್ಚಿದ್ದ ಜನಸಂಖ್ಯೆ ೨೦೨೦ರ ಗಣತಿಯಲ್ಲಿ ಐದಕ್ಕೆ ಇಳಿದಿತ್ತು. ೨೦೦೨ರಲ್ಲಿ ಊರಿನ ಅಂಚೆ ಸಂಕೇತವೂ ರದ್ದಾಯಿತು. ಈ ನೈಜ ಆಧಾರದಿಂದ ಚಿತ್ರದ ಊರಿಗೆ ಭೂಮಿಯ ತೂಕ ಬಂದಿದೆ. ಬೀದಿಯಲ್ಲಿ ನಿಂತ ರೋಸ್‌ಳ ಅಂಗೈ ಮೇಲೆ ಬಿದ್ದುದು ಹಿಮವಲ್ಲ, ಬೂದಿಯೆಂದು ಅವಳಿಗೆ ತಿಳಿಯುವ ಒಂದು ಕ್ಷಣದಲ್ಲಿ, ಹಿಂದೆ ನಡೆದುಹೋದ ದಹನವೊಂದು ಮಾತಿಲ್ಲದೆ ಸೂಚಿತವಾಗುತ್ತದೆ. ಧ್ವನಿಯೆಂದರೆ ಇದೇ.

ಆ ಬಳಿಕ ಬರುವ ಮೆಟ್ಟಿಲಿನ ಪ್ರಸಂಗವು ಚಿತ್ರದ ಅತ್ಯುತ್ತಮ ಭಾಗ. ಮಗಳಂತೆ ತೋರಿದ ನೆರಳನ್ನು ಬೆನ್ನಟ್ಟಿ ತಾಯಿ ಓಣಿಯೊಳಗೆ ಇಳಿಯುತ್ತಾಳೆ, ಸೈರನ್ ಮೊಳಗುತ್ತದೆ, ಹಗಲು ಆರಿಹೋಗುತ್ತದೆ, ಬೆಳಕೆಂದರೆ ಕೈಯ ಚಿಕ್ಕ ಜ್ವಾಲೆಯೊಂದೇ. ಆಟದ ಆರಂಭದ ಓಣಿಯನ್ನು ಕ್ಯಾಮರಾದ ಕೋನಗಳೊಡನೆ ಇಲ್ಲಿ ಪುನಃ ಕಟ್ಟಲಾಗಿದೆ. ಡ್ಯಾನ್ ಲಾಸ್ಟ್‌ಸನ್ ಅವರ ಛಾಯಾಗ್ರಹಣ, ಕ್ಯಾರಲ್ ಸ್ಪಿಯರ್ ಅವರ ಕಲಾನಿರ್ದೇಶನ, ಆಟಕ್ಕಾಗಿ ಅಕಿರಾ ಯಾಮಓಕಾ ಅವರು ರಚಿಸಿದ್ದ ಸಂಗೀತ—ಇವು ಮೂರೂ ಒಂದೇ ಸ್ವರದಲ್ಲಿ ಕೂಡಿವೆ. ವಿಕಾರ ಜೀವಿಗಳನ್ನು ಕೇವಲ ಗಣಕಯಂತ್ರದ ಚಿತ್ರಗಳಾಗಿಸದೆ, ನೃತ್ಯ ಬಲ್ಲ ನಟರ ದೇಹಗಳಿಂದಲೇ ಮೂಡಿಸಿರುವುದು ಮೆಚ್ಚತಕ್ಕ ವಿವೇಕ. ಆಸ್ಪತ್ರೆಯ ಕತ್ತಲಲ್ಲಿ ಮುಖವಿಲ್ಲದ ದಾದಿಯರು ಬೆಳಕಿಗೆ ಮಾತ್ರ ಸೆಟೆದು ಚಲಿಸುವಾಗ, ಮಾನವದೇಹವು ಸಹಜವಲ್ಲದ ಲಯದಲ್ಲಿ ನಡೆಯುವುದೇ ಭಯಕ್ಕೆ ಸಾಕಾಗುತ್ತದೆ.

ಪತಿ ಕ್ರಿಸ್ಟೋಫರನ (ಷಾನ್ ಬೀನ್) ಉಪಕಥೆಯ ಬಗ್ಗೆ ಒಂದು ಮಾತು. ಕಥೆಯಲ್ಲಿ ಗಂಡಸರೇ ಇಲ್ಲವೆಂದು ಹಣ ಹೂಡಿದವರು ಆಕ್ಷೇಪಿಸಿದುದರಿಂದ ಇದನ್ನು ಸೇರಿಸಬೇಕಾಯಿತೆಂದು ನಿರ್ದೇಶಕರೇ ಹೇಳಿದ್ದಾರೆ. ಹೊರಗಿನ ಒತ್ತಾಯದ ಗುರುತು ಕಾಣದೆ ಇಲ್ಲ: ಪೋಲೀಸರೊಡನೆ ವಾದ, ಹಳೆಯ ಕಡತಗಳ ಶೋಧ, ಇವುಗಳಿಗೆ ಚಿತ್ರವು ಮರಳಿದಾಗಲೆಲ್ಲ ಕಟ್ಟಿದ ಭಯ ಸಡಿಲಗೊಳ್ಳುತ್ತದೆ. ಆದರೂ ಈ ಹೊರೆಯಿಂದಲೇ ಒಂದು ಸುಂದರ ಸನ್ನಿವೇಶ ಹುಟ್ಟಿದೆ. ಗಂಡನೂ ಹೆಂಡತಿಯೂ ಒಂದೇ ಶಾಲೆಯ ಅಂಗಳದಲ್ಲಿ, ಆದರೆ ಬೇರೆ ಬೇರೆ ಲೋಕಗಳಲ್ಲಿ, ಒಬ್ಬರ ಪಕ್ಕದಲ್ಲಿ ಒಬ್ಬರು ಹಾದುಹೋಗುತ್ತಾರೆ. ಅವನಿಗೆ ಅವಳ ಪರಿಮಳ ಮಾತ್ರ ತಾಕುತ್ತದೆ. ಇಡೀ ಚಿತ್ರದಲ್ಲಿ ಕರುಣಕ್ಕೆ ಇಷ್ಟು ಹತ್ತಿರ ಬರುವ ಘಳಿಗೆ ಮತ್ತೊಂದಿಲ್ಲ.

೫

ದೋಷಗಳಿಗೆ ಬರುವುದಾದರೆ, ಮೊದಲನೆಯದು ವಾಚ್ಯತೆ. ಕಥೆಯ ಮೂರನೆಯ ಪಾಲಿನಲ್ಲಿ ಅಲೆಸಾಳ ಕರಾಳ ರೂಪವು ರೋಸ್‌ಳ ಮುಂದೆ ನಿಂತು, ಮಾಸಿದ ಹಳೆಯ ಚಿತ್ರಸುರುಳಿಯಂತಿರುವ ದೃಶ್ಯಗಳ ಮೇಲೆ, ನಡೆದುದನ್ನೆಲ್ಲ ಆದ್ಯಂತವಾಗಿ ಹೇಳಿಬಿಡುತ್ತದೆ: ಶಾಲೆಯಲ್ಲಿ ನಿಂದೆ, ಜವಾನನ ದುಷ್ಕೃತ್ಯ, ಪಂಥದವರ ದಹನ, ಆಸ್ಪತ್ರೆಯ ನೋವು, ದ್ವೇಷದ ಹುಟ್ಟು, ಉಳಿದ ಒಳಿತಿನಿಂದ ಶ್ಯಾರನ್‌ಳ ಜನನ. ಬೂದಿಯೊಂದು ಕಣದಿಂದ ಸೂಚಿತವಾಗಿದ್ದುದು ಇಲ್ಲಿ ವರದಿಯಾಗುತ್ತದೆ. ಆನಂದವರ್ಧನನು ಹೇಳುವ ವ್ಯಂಗ್ಯಾರ್ಥದ ಚೆಲುವು ವಾಚ್ಯಕ್ಕೆ ಇಳಿದೊಡನೆ ಎಷ್ಟು ಬೇಗ ಬಾಡುವುದೆಂಬುದಕ್ಕೆ ಬೇರೆ ಉದಾಹರಣೆ ಬೇಡ. ಆಟಗಾರನಾದರೋ ಈ ಸಂಗತಿಗಳನ್ನು ಗೋಡೆಯ ಮೇಲಿನ ಬರಹದಿಂದ, ಹರಿದ ದಿನಚರಿಯಿಂದ, ಖಾಲಿ ಹಾಸಿಗೆಯಿಂದ ಒಂದೊಂದಾಗಿ ಹೆಕ್ಕುತ್ತಾನೆ. ಕೆಲವು ಕೊನೆಯವರೆಗೂ ದಕ್ಕುವುದಿಲ್ಲ. ಹೆಕ್ಕುವ ಶ್ರಮವೇ ಅಲ್ಲಿ ಅರ್ಥವನ್ನು ಅವನದಾಗಿಸುತ್ತದೆ. ಪ್ರೇಕ್ಷಕನಿಗೆ ಆ ಶ್ರಮವನ್ನು ತಪ್ಪಿಸಿದ ಉಪಕಾರವು ಅಪಕಾರವಾಯಿತು.

ಎರಡನೆಯ ದೋಷವು ಬೇರಿಲ್ಲದ ಪ್ರತಿಮೆಗಳದು. ಲೋಹದ ತ್ರಿಕೋಣವನ್ನು ತಲೆಯ ಮೇಲೆ ಹೊತ್ತು, ಮಹಾಖಡ್ಗವನ್ನು ನೆಲಕ್ಕೆ ಎಳೆಯುತ್ತ ಬರುವ ದೈತ್ಯನನ್ನು ಮಸಾಹಿರೋ ಇತೋ ಅವರು ಕಲ್ಪಿಸಿದ್ದು ಎರಡನೆಯ ಆಟಕ್ಕಾಗಿ. ಹೆಂಡತಿಯನ್ನು ಕೊಂದ ಜೇಮ್ಸನು ತನಗೆ ತಾನೇ ಬಯಸಿದ ಶಿಕ್ಷೆಯೇ ಅವನು. ಜೇಮ್ಸನು ಸತ್ಯವನ್ನು ಒಪ್ಪಿಕೊಂಡ ದಿನ ಅವನಿಗೆ ಕೆಲಸವಿಲ್ಲ. ಚಿತ್ರವು ಮೊದಲನೆಯ ಆಟದ ಕಥೆಯನ್ನು ಹಿಡಿದು, ಎರಡನೆಯದರ ದೈತ್ಯನನ್ನು ಅದರೊಳಗೆ ತಂದು ನಿಲ್ಲಿಸಿದೆ. ಮಗಳನ್ನು ಅರಸುವ ನಿರಪರಾಧಿ ತಾಯಿಗೆ ಈ ಶಿಕ್ಷಕನೇಕೆ? ದಾದಿಯರ ಪ್ರಚೋದಕ ಉಡುಪಿಗೂ ಇದೇ ಪ್ರಶ್ನೆ. ಜೇಮ್ಸನ ಅದುಮಿಟ್ಟ ಕಾಮನೆಯಿಂದ ಮೂಡಿದ ಆ ರೂಪವು ಸುಟ್ಟು ಮಲಗಿದ ಒಂದು ಮಗುವಿನ ಮನಸ್ಸಿನಿಂದ ಹೇಗೆ ಮೂಡೀತು? ಅವು ಕಣ್ಣಿಗೆ ಭೀಕರವಾಗಿವೆ, ನಿಜ. ಆದರೆ ವಿಭಾವಕ್ಕೂ ಸ್ಥಾಯಿಗೂ ಸಂಬಂಧ ತಪ್ಪಿದಾಗ ಉಳಿಯುವುದು ಅಲಂಕಾರ ಮಾತ್ರ. ಒಡಲನ್ನು ತಂದು ಉಸಿರನ್ನು ಬಿಟ್ಟುಬಂದ ಸ್ಥಳ ಇದೇ.

ಮೂರನೆಯದು ಮುಕ್ತಾಯದ ಕುರಿತಾದುದು. ರೋಸ್ ತನ್ನ ದೇಹದೊಳಗೆ ಅಲೆಸಾಳ ದ್ವೇಷವನ್ನು ಅಡಗಿಸಿಕೊಂಡು ಪಂಥದವರ ಚರ್ಚನ್ನು ಹೊಗುತ್ತಾಳೆ. ಅಲ್ಲಿ ನೆಲ ಸೀಳಿ, ಮುಳ್ಳುತಂತಿಗಳು ಹೆಡೆಯೆತ್ತಿ, ಮುಖ್ಯಸ್ಥೆ ಕ್ರಿಸ್ಟಬೆಲ್ಲಳನ್ನೂ ಅವಳ ಅನುಯಾಯಿಗಳನ್ನೂ ಹರಿದು ಹಾಕುತ್ತವೆ. ರಕ್ತದ ಮಳೆಯಲ್ಲಿ ಕರಾಳ ಬಾಲಿಕೆ ಕುಣಿಯುತ್ತಾಳೆ. ಬೀಭತ್ಸದಿಂದ ಭಯಾನಕವು ಹುಟ್ಟುತ್ತದೆಂದು ಭರತನು ಹೇಳಿದ್ದಾನೆ. ಇಲ್ಲಿ ಕ್ರಮವು ತಲೆಕೆಳಗಾಗಿದೆ: ಭಯಾನಕವಾಗಿ ಮೊದಲಾದ ಚಿತ್ರವು ಜುಗುಪ್ಸೆಯಲ್ಲಿ ಬಂದು ನಿಲ್ಲುತ್ತದೆ. ಎಲ್ಲವನ್ನೂ ಕಂಡ ಮೇಲೆ ಹೆದರಲು ಏನು ಉಳಿಯಿತು? ಮಂಜು ತೆಳುವಾದ ಆಟಕ್ಕೆ ಒದಗಿದ ಗತಿಯೇ ಈ ಅಂತ್ಯಕ್ಕೂ ಒದಗಿದೆ.

೬

ಇವೆಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ನೀತಿಯದು. ಮೂಲದಲ್ಲಿ ಮಗುವನ್ನು ಬೆಂಕಿಗೊಡ್ಡಿದವಳು ತಾಯಿ. ಸೈಲೆಂಟ್ ಹಿಲ್‌ನ ಎಲ್ಲ ವಿಕಾರ ಜೀವಿಗಳಿಗಿಂತ ಭಯಂಕರವಾದುದು ಈ ಒಂದು ಸಂಗತಿ. ಕೇಡು ಮನೆಯ ಒಲೆಯ ಬಳಿಯಲ್ಲೇ ಕುಳಿತಿತ್ತು. ಚಿತ್ರವು ಡಾಲಿಯಾಳನ್ನು ಎರಡು ಪಾತ್ರಗಳಾಗಿ ಸೀಳಿದೆ. ಕ್ರೌರ್ಯವೆಲ್ಲ ಕ್ರಿಸ್ಟಬೆಲ್ಲಳ ಪಾಲಿಗೆ. ಡಾಲಿಯಾಳಿಗೆ ಉಳಿದುದು ಬೂದಿ ಮೆತ್ತಿದ ಕೂದಲು ಮತ್ತು ಪಶ್ಚಾತ್ತಾಪ. ಹೀಗೆ ದೋಷವನ್ನು ಮನೆಯಿಂದ ಹೊರಕ್ಕೆ, ಮತಾಂಧರ ಒಂದು ಗುಂಪಿಗೆ ಸಾಗಿಸಿದ ಮೇಲೆ ಪ್ರೇಕ್ಷಕನ ಅಂತಃಕರಣಕ್ಕೆ ನೆಮ್ಮದಿ. ದ್ವೇಷಿಸಬೇಕಾದವರು ಎದುರಿಗಿದ್ದಾರೆ, ಅವರ ನಾಶವನ್ನು ಕಂಡು ಅವನು ತೃಪ್ತನಾಗಬಹುದು. ಕಟಕಟೆಯಲ್ಲಿದ್ದ ಆಟಗಾರನು ಪ್ರೇಕ್ಷಕನಾದೊಡನೆ ತೀರ್ಪುಗಾರನ ಪೀಠಕ್ಕೇರಿದ್ದಾನೆ.

ಆದರೆ ಚಿತ್ರವು ಈ ಸುಲಭ ತೃಪ್ತಿಯನ್ನು ಪೂರ್ತಿಯಾಗಿ ನಂಬಿಲ್ಲವೆಂಬುದೇ ಅದರ ಉಳಿವು. ಡಾಲಿಯಾ ಮಗಳನ್ನು ಸುಡಲಿಲ್ಲ, ಆದರೆ ಪಂಥದವರ ಕೈಗೆ ಒಪ್ಪಿಸಿದಳು. ಅಕ್ಕಪಕ್ಕದವರ ನಿಂದೆಗೆ ಅಳುಕಿ ಒಪ್ಪಿಸಿದಳು. ಮಾಡದೆ ಬಿಡುವವರ ಈ ಪಾಪವು ಮಾಡುವವರ ಪಾಪಕ್ಕಿಂತ ಎಲ್ಲ ಊರುಗಳಲ್ಲಿಯೂ ಹೆಚ್ಚು ಸಾಮಾನ್ಯ. ಸಂಹಾರದ ಕೊನೆಯಲ್ಲಿ ಅವಳೊಬ್ಬಳೇ ಉಳಿಯುತ್ತಾಳೆ. ತನ್ನನ್ನೇಕೆ ಬಿಟ್ಟಳೆಂದು ಅವಳು ಕೇಳಿದಾಗ, ಮಕ್ಕಳ ಕಣ್ಣಿಗೆ ತಾಯಿಯೇ ದೇವರೆಂಬ ಅರ್ಥದ ಉತ್ತರ ಬರುತ್ತದೆ. ತಾಯಿಯನ್ನು ದೇವರೆಂದೇ ತಿಳಿದ ನಾಡಿನವರಿಗೆ ಇದು ಪರಿಚಿತ ಮಾತಾಗಿ ಕೇಳಿಸೀತು. ಆದರೆ ಇಲ್ಲಿ ಅದು ಸ್ತುತಿಯಲ್ಲ, ಶಾಪ. ಬದುಕಿ ಉಳಿಯುವುದೇ ಅವಳಿಗೆ ವಿಧಿಸಿದ ದಂಡ.

ರೋಸ್‌ಳಿಗೂ ದಂಡ ತಪ್ಪಿಲ್ಲ. ಮಗಳನ್ನು ಉಳಿಸಲು ದ್ವೇಷವನ್ನು ಒಡಲಲ್ಲಿ ಹೊತ್ತವಳು ಅದರಿಂದ ಮುಕ್ತಳಾಗಿ ಮರಳಲಾರಳು. ತಾಯಿಯೂ ಮಗಳೂ ಮನೆಗೆ ಬರುತ್ತಾರೆ. ಮನೆಯಲ್ಲಿ ಗಂಡನೂ ಇದ್ದಾನೆ. ಆದರೆ ಅವರ ಮನೆಯ ಸುತ್ತ ಮಂಜು, ಅವನ ಮನೆಯಲ್ಲಿ ಮಾಮೂಲಿನ ಹಗಲು. ಒಂದೇ ಕೋಣೆಯಲ್ಲಿದ್ದೂ ಒಬ್ಬರಿಗೊಬ್ಬರು ಕಾಣರು. ಗಂಡನ ಉಪಕಥೆಯು ಈ ಒಂದು ದೃಶ್ಯಕ್ಕಾಗಿ ಕ್ಷಮಾರ್ಹವಾಗುತ್ತದೆ. ಮಾತಿನ ವಿವರಣೆಯಿಲ್ಲದ ಈ ಕೊನೆಯು, ಮಧ್ಯದ ದೀರ್ಘ ವಿವರಣೆಗೆ ಚಿತ್ರವೇ ಮಾಡಿಕೊಂಡ ಪ್ರಾಯಶ್ಚಿತ್ತದಂತಿದೆ. ಮನೆಗೆ ಮರಳಿದವರು ಬಿಟ್ಟುಹೋದ ಮನೆಗೇ ಮರಳುತ್ತಾರೆಂಬ ಭರವಸೆಯಿಲ್ಲವೆಂಬ ಮಾತನ್ನು ಊರು ಬಿಟ್ಟು ದೂರದಲ್ಲಿ ನೆಲಸಿದವರಿಗೆ ವಿವರಿಸಬೇಕಾದ ಅಗತ್ಯವೂ ಇಲ್ಲ.

೭

ಒಟ್ಟಿನಲ್ಲಿ ‘ಸೈಲೆಂಟ್ ಹಿಲ್’ ಚಿತ್ರವು ಪೂರ್ಣ ಕೃತಿಯಲ್ಲ. ಉಪೇಕ್ಷಿಸತಕ್ಕ ಕೃತಿಯೂ ಅಲ್ಲ. ಮೂಲವನ್ನು ಕಣ್ಣಿನಿಂದ ಅನುಸರಿಸಿದಲ್ಲಿ ಅದು ಗೆದ್ದಿದೆಯಾದರೂ, ಮೂಲದ ಪ್ರತಿಮೆಗಳನ್ನು ಅವುಗಳ ಬೇರಿನಿಂದ ಕಿತ್ತಲ್ಲಿ ಸೋತಿದೆ. ಮೂಲವನ್ನು ಧೈರ್ಯವಾಗಿ ಬಿಟ್ಟಲ್ಲಿ, ಅಂದರೆ ಹಿಮದ ಬದಲು ಬೂದಿ, ತಂದೆಯ ಬದಲು ತಾಯಿ, ಎರಡು ಲೋಕಗಳ ಒಂದು ಮನೆ ಎಂಬ ಮೂರು ಕಲ್ಪನೆಗಳಲ್ಲಿ, ಅದು ನಿಜವಾದ ರೂಪಾಂತರವಾಗಿದೆ. ೨೦೧೨ರಲ್ಲಿ ಬೇರೆ ಕೈಗಳಿಂದ ಬಂದ ‘ಸೈಲೆಂಟ್ ಹಿಲ್: ರೆವಲೇಷನ್’ ಎಂಬ ಉತ್ತರಭಾಗವನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ಗಾನ್ಸ್ ಅವರ ಸಾಧನೆಯ ಬೆಲೆ ಇನ್ನೂ ಚೆನ್ನಾಗಿ ತಿಳಿಯುತ್ತದೆ, ಅಲ್ಲಿ ರಾಕ್ಷಸರಿದ್ದಾರೆ, ಭಯವಿಲ್ಲ.

ಯಂತ್ರದ ಬಡತನವನ್ನು ಮುಚ್ಚಲು ಬಂದ ಮಂಜು ಕಲೆಯಾಯಿತು. ಹಣವೂ ಯಂತ್ರಬಲವೂ ಕೂಡಿ ಎಲ್ಲವನ್ನೂ ತೋರಿಸಿದಾಗ ಕಲೆ ಹಿಂದೆ ಸರಿಯಿತು. ಭಯಾನಕದ ಕವಿಗೆ ತೋರಿಸುವ ಶಕ್ತಿಗಿಂತ ಮರೆಮಾಡುವ ಸಂಯಮವೇ ದೊಡ್ಡದೆಂಬ ಪಾಠವನ್ನು ಈ ಆಟವೂ ಈ ಚಿತ್ರವೂ ಕೂಡಿ ಕಲಿಸುತ್ತವೆ. ಆ ಪಾಠವನ್ನು ಗುರುತಿಸಲು ಬೇಕಾದ ಪರಿಭಾಷೆ ಕನ್ನಡದಲ್ಲಿ ಸಿದ್ಧವಾಗಿಯೇ ಇದೆ. ಅದನ್ನು ಹೊಸ ವಸ್ತುಗಳ ಮೇಲೆ ಪ್ರಯೋಗಿಸುವ ಕೆಲಸ ಮಾತ್ರ ಬಾಕಿಯಿದೆ. ಮುಂದಿನ ಕೋಣೆಯಲ್ಲಿ ಬಾಗಿಲು ಮುಚ್ಚಿಕೊಂಡು ಆಡುತ್ತಿರುವ ಮಗನೊಡನೆಯೋ ಮಗಳೊಡನೆಯೋ ಕುಳಿತು ಅದನ್ನು ಆರಂಭಿಸಬಹುದು.